ಬೆಂಕಿಯನ್ನು ಅಳೆದ ಜೋಡಿತಂತಿ

ನೀರಿನ ಬಿಸಿಯನ್ನು ಅಳೆಯುವುದು ಸುಲಭ. ಬೆಂಕಿಯ ಬಿಸಿಯನ್ನು ಅಳೆಯುವುದು ಹೇಗೆ? ಪಾದರಸವನ್ನು ನಂಬಿದರೆ ಅದು 357 ಡಿಗ್ರಿ ಸೆಂಟಿಗ್ರೇಡಿಗೆ ತಾನೇ ಕುದಿಯತೊಡಗುತ್ತದೆ. ಕಮ್ಮಾರನೂ ಅಕ್ಕಸಾಲಿಗನೂ ಕಾದ ಲೋಹದ ಬಣ್ಣ ನೋಡಿ ಹದವನ್ನರಿಯುತ್ತಿದ್ದರು. ಅದು ತಂದೆಯಿಂದ ಮಗನ ಕಣ್ಣಿಗೆ ಇಳಿದುಬಂದ ವಿದ್ಯೆ, ಅಂಕಿಗೆ ಸಿಕ್ಕುವಂಥದಲ್ಲ.

ಅಂಕಿಗೆ ಸಿಕ್ಕಿಸಲು ಹೊರಟವನು ಇಂಗ್ಲೆಂಡಿನ ಕುಂಬಾರ ಜೋಸಯಾ ವೆಜ್‌ವುಡ್. ಜೇಡಿಮಣ್ಣು ಕಾದಷ್ಟೂ ಕುಗ್ಗುತ್ತದೆಯಷ್ಟೆ. ಮಣ್ಣಿನ ಸಣ್ಣ ಬಿಲ್ಲೆಗಳನ್ನು ಆವಿಗೆಯಲ್ಲಿ ಸುಟ್ಟು, ಬರಬರುತ್ತ ಕಿರಿದಾಗುವ ಒಂದು ಓಣಿಯಲ್ಲಿ ಜಾರಿಸಿ, ಎಷ್ಟು ದೂರ ಹೋಯಿತೆಂದು ನೋಡಿ ಆತ ಬಿಸಿಯನ್ನು ಹೇಳಿದ. 1782ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಇದನ್ನಿಟ್ಟ. ಆತನ ಲೆಕ್ಕದಲ್ಲಿ ಬೆಳ್ಳಿ ಕರಗುವುದು 4717 ಡಿಗ್ರಿ ಫ್ಯಾರನ್‌ಹೀಟಿಗೆ. ನಿಜವಾಗಿ ಕರಗುವುದು 1763ಕ್ಕೆ! ನಗಬೇಡಿ. ಇಂದಿನ ಬೆಂಕಿಯನ್ನು ನಿನ್ನೆಯದರೊಡನೆ ಹೋಲಿಸಿ ನೋಡಲು ಕುಂಬಾರನಿಗೆ ಅಷ್ಟು ಸಾಕಾಗಿತ್ತು.

ನಿಜವಾದ ದಾರಿ ತೆರೆದುದು 1821ರಲ್ಲಿ, ಬರ್ಲಿನ್ನಿನಲ್ಲಿ. ತಾಮಸ್ ಸೀಬೆಕ್ ಎಂಬಾತ ಬೇರೆ ಬೇರೆ ಜಾತಿಯ ಎರಡು ಲೋಹಗಳನ್ನು ಎರಡೂ ತುದಿಗಳಲ್ಲಿ ಕೂಡಿಸಿ, ಒಂದು ಬೆಸುಗೆಯನ್ನು ಮಾತ್ರ ಕಾಯಿಸಿದ. ಪಕ್ಕದಲ್ಲಿದ್ದ ದಿಕ್ಸೂಚಿಯ ಮುಳ್ಳು ಸರಿಯಿತು. ಬಿಸಿಯಿಂದ ಅಯಸ್ಕಾಂತ ಹುಟ್ಟಿತೆಂದು ಅವನು ಎಣಿಸಿದ. ಹುಟ್ಟಿದ್ದು ವಿದ್ಯುತ್ತೆಂದು ಡೆನ್ಮಾರ್ಕಿನ ಅರ್ಸ್ಟೆಡ್ ಗುರುತಿಸಿದ. ಈ ಜೋಡಿಗೆ ನಮ್ಮ ಶಾಸ್ತ್ರಗ್ರಂಥಗಳು ಉಷ್ಣಯುಗ್ಮವೆಂದು ಹೆಸರಿಟ್ಟಿವೆ. ಯುಗ್ಮವೆಂದರೆ ಜೋಡಿ. ಒಂಟಿಯಾಗಿ ಯಾವ ತಂತಿಯೂ ಇಲ್ಲಿ ಮಾತಾಡದು, ಹೆಸರು ಒಪ್ಪುತ್ತದೆ.

ಆದರೆ ತಂತಿ ತಂತಿಗೂ ನುಡಿ ಬೇರೆಯಾದರೆ ಅಳತೆಯೆಲ್ಲಿ? ಪ್ಯಾರಿಸ್ಸಿನ ಹೆನ್ರಿ ಲ ಶಾತೆಲಿಯೆ 1886ರ ಸುಮಾರಿಗೆ ಪ್ಲಾಟಿನಂ ತಂತಿಗೆ, ನೂರಕ್ಕೆ ಹತ್ತು ಪಾಲು ರೋಡಿಯಂ ಬೆರೆತ ಪ್ಲಾಟಿನಂ ತಂತಿಯನ್ನು ಜೊತೆಮಾಡಿದ. ಕರಗುವ ಬಿಸಿ ಗೊತ್ತಿದ್ದ ಲೋಹಗಳಿಂದ ಅದನ್ನು ಒರೆಹಚ್ಚಿದ. ನೆಚ್ಚಿಕೆಯ ಜೋಡಿ, ಬೆಲೆ ಮಾತ್ರ ರಾಜರದು. 1906ರಲ್ಲಿ ಅಮೆರಿಕದ ಆಲ್ಬರ್ಟ್ ಮಾರ್ಷ್ ನಿಕ್ಕಲ್ ಕ್ರೋಮಿಯಂಗಳ ಮಿಶ್ರಲೋಹಕ್ಕೆ ಹಕ್ಕುಪತ್ರ ಪಡೆದ ಮೇಲೆ ಅಗ್ಗದ ಜೋಡಿ ಬಂತು. ಇಂದು ಕೆ ಎಂಬ ಅಕ್ಷರದಿಂದ ಕರೆಯುವುದು ಆ ವಂಶವನ್ನೇ. ಕಬ್ಬಿಣವೂ ತಾಮ್ರನಿಕ್ಕಲ್ಲೂ ಕೂಡಿದ ಇನ್ನೊಂದಕ್ಕೆ ಜೆ ಎಂದು ಹೆಸರು.

ಈ ಅಕ್ಷರಗಳಿಂದ ನಮಗೇನು ಎನ್ನುವಿರಾ? ವಿಮಾನದಲ್ಲೂ ದೊಡ್ಡ ಲಾರಿಯಲ್ಲೂ ಎಂಜಿನ್ನಿನ ಹೊಗೆಕೊಳವೆಯೊಳಗೆ ಇಂಥ ಒಂದು ಜೋಡಿತಂತಿಯ ಕಡ್ಡಿಯನ್ನು ತೂರಿಸಿರುತ್ತಾರೆ. ಚಾಲಕನ ಮುಂದಿರುವ ಮೀಟರು ಅದರ ಮಾತನ್ನು ಡಿಗ್ರಿಗಳಲ್ಲಿ ಓದಿ ಹೇಳುತ್ತದೆ. ಕಡ್ಡಿ ಕೆಟ್ಟಿತೆನ್ನಿ. ಅಂಗಡಿಯಲ್ಲಿ ಸಿಕ್ಕ ಕೆ ಜಾತಿಯದನ್ನು, ಜೆಗೆಂದು ಗೆರೆ ಕೊರೆದ ಮೀಟರಿಗೆ ಜೋಡಿಸುತ್ತಾರೆ. ಹೊಗೆ 700 ಡಿಗ್ರಿ ಸೆಂಟಿಗ್ರೇಡಿಗೆ ಏರಿದಾಗ ಕೆ ಕಡ್ಡಿ ಕೊಡುವುದು 29 ಮಿಲಿವೋಲ್ಟಿಗೆ ತುಸು ಹೆಚ್ಚು. ಅಷ್ಟೇ ವೋಲ್ಟನ್ನು ಜೆ ಸುಮಾರು 530 ಡಿಗ್ರಿಗೇ ಕೊಡುತ್ತದೆ. ಮೀಟರು 530 ಎನ್ನುತ್ತದೆ. ಮುಳ್ಳು ನೆಟ್ಟಗೆ ಓಡಾಡುತ್ತಿರುತ್ತದೆ, ಯಾರಿಗೂ ಅನುಮಾನ ಬಾರದು. ಚಾಲಕ ನಿಶ್ಚಿಂತೆಯಿಂದ ಏರು ಹತ್ತಿಸುತ್ತಾನೆ, ಒಳಗೆ ಪಿಸ್ಟನ್ನು ಬೇಯುತ್ತಿರುತ್ತದೆ. ಕೆಟ್ಟು ನಿಂತ ಮೀಟರಿಗಿಂತ ನಡೆಯುವ ಈ ಮೀಟರೇ ಅಪಾಯಕರ.

ಕಡ್ಡಿಗೂ ಮೀಟರಿಗೂ ನಡುವಣ ತಂತಿಯೂ ಅದೇ ಜಾತಿಯದಿರಬೇಕು. ಮನೆಯ ದೀಪಕ್ಕೆ ಎಳೆಯುವ ತಾಮ್ರದ ತಂತಿಯನ್ನು ಹಾಕಿದರೆ, ಬೆಸೆದ ಕಡೆಯ ಬಿಸಿಯಷ್ಟೂ ಲೆಕ್ಕದಿಂದ ಸೋರಿಹೋಗುತ್ತದೆ. ಬಣ್ಣವನ್ನೂ ನಂಬಿ ಕೆಡಬಾರದು. ಕೆಂಪು ಧನವೆಂಬುದು ನಮ್ಮ ರೂಢಿ. ಅಮೆರಿಕದ ಕ್ರಮದಲ್ಲಿ ಉಷ್ಣಯುಗ್ಮದ ಕೆಂಪು ತಂತಿ ಋಣ. ತಿರುವುಮುರುವಾಗಿ ಕಟ್ಟಿದರೆ ಎಂಜಿನು ಕಾದಷ್ಟೂ ಮುಳ್ಳು ಹಿಂದಕ್ಕೆ ಸರಿಯುತ್ತದೆ. ಹಳೆಯ ವಿಮಾನಗಳಲ್ಲಿ ಬ್ಯಾಟರಿಯಿಲ್ಲದೆ ನಡೆಯುವ ಮೀಟರುಗಳಿಗೆ ಇನ್ನೊಂದು ಕಟ್ಟಳೆಯುಂಟು: 2 ಓಮ್ ಇಲ್ಲವೆ 8 ಓಮ್ ತಡೆಗೆ ಅಳೆದುಕೊಟ್ಟ ತಂತಿ ಅವಕ್ಕೆ ಬರುತ್ತದೆ. ಉದ್ದ ಹೆಚ್ಚಾಯಿತೆಂದು ಮೆಕ್ಯಾನಿಕ್ಕು ಅದನ್ನು ಕತ್ತರಿಸಕೂಡದು. ಮಿಕ್ಕ ತಂತಿಯನ್ನು ಸುರುಳಿ ಸುತ್ತಿ ಕಟ್ಟಿಡಬೇಕು.