ರಕ್ತಲೇಪನ ಓದುವವರ ಕಸುಬು

ಜೀವಕೋಶದ ಒಳಗನ್ನು ನೋಡುವುದೇ ವೃತ್ತಿ ಎಂದೊಡನೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಆವರಣ, 2017ರಲ್ಲಿ ಅಲ್ಲಿಗೆ ಬಂದ 300 ಕಿಲೋವೋಲ್ಟ್‌ನ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನೆನಪಾಗುವುದು ಸಹಜ. ಮಂಗಳೂರಿನ ಲೆಕ್ಕ ಬೇರೆ. ಈ ನಗರದಲ್ಲಿ ಕಸುಬನ್ನು ಬೆಳೆಸಿದ್ದು ಮಲೇರಿಯಾ. 1990ರ ದಶಕದಲ್ಲಿ ಕಟ್ಟಡ ಕಾಮಗಾರಿ ಏರಿತು; ನಿಂತ ನೀರಿನಲ್ಲಿ ಸ್ಟೆಫೆನ್ಸಿ ಸೊಳ್ಳೆ ಹೆಚ್ಚಿತು, ಜ್ವರ ಮರಳಿತು. ಪ್ರತಿ ಜ್ವರಕ್ಕೂ ರಕ್ತ ಲೇಪಿಸಿದ ಒಂದು ಸ್ಲೈಡ್, ಪ್ರತಿ ಸ್ಲೈಡ್‌ಗೂ ಒಬ್ಬ ಲ್ಯಾಬ್ ಟೆಕ್ನಿಷಿಯನ್. ಈ ಕೆಲಸವನ್ನು ಸೂಕ್ಷ್ಮದರ್ಶನದ ಕೆಳಮೆಟ್ಟಿಲೆಂದು ಎಣಿಸುವುದು ವಾಡಿಕೆ. ಚರಿತ್ರೆ ಮಾತ್ರ ಹಾಗೆ ಹೇಳುವುದಿಲ್ಲ.

1880ರಲ್ಲಿ ಅಲ್ಜೀರಿಯಾದಲ್ಲಿ ವೈದ್ಯ ಲಾವೆರಾನ್ ಬಣ್ಣ ಹಾಕದ ಹಸಿ ರಕ್ತದಲ್ಲೇ ಮಲೇರಿಯಾದ ಪರಾವಲಂಬಿಯನ್ನು ಕಂಡ. ಬಣ್ಣ ಬಂದ ಮೇಲೆ ನೋಟ ಓದಾಯಿತು. 1944ರಲ್ಲಿ ಜಸ್ವಂತ್ ಸಿಂಗ್ ಮತ್ತು ಭಟ್ಟಾಚಾರ್ಜಿ ನೀರಿನಲ್ಲಿ ಕರಗುವ ಬಣ್ಣವೊಂದನ್ನು ರೂಪಿಸಿದರು. ಜೆಎಸ್‌ಬಿ ಎಂಬ ಹೆಸರಿನಲ್ಲಿ ಅದು ದೇಶದ ಮಲೇರಿಯಾ ಪ್ರಯೋಗಾಲಯಗಳಿಗೆಲ್ಲ ಹಬ್ಬಿತು. ಎಣ್ಣೆ ಹಾಕಿ ನೋಡುವ ನೂರು ಪಟ್ಟಿನ ಲೆನ್ಸಿನಡಿ ಪರಾವಲಂಬಿಯ ಮೈ ನೀಲಿ, ಕೋಶಕೇಂದ್ರ ಕೆಂಪು. ಮಂಗಳೂರಿನಲ್ಲಿ ಹೆಚ್ಚಾಗಿ ಸಿಗುವ ವೈವಾಕ್ಸ್ ಎಂಬ ಬಗೆಯಾದರೆ ರಕ್ತಕಣ ಉಬ್ಬಿರುತ್ತದೆ, ಮೇಲೆಲ್ಲ ನಸುಗೆಂಪು ಚುಕ್ಕಿ. ಈ ಚುಕ್ಕಿಗಳಿಗೆ ಶೂಫ್ನರ್ ಹೆಸರು ಅಂಟಿದ್ದು 20ನೇ ಶತಮಾನದ ಹೊಸ್ತಿಲಲ್ಲಿ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸುಮಾರು 200 ನ್ಯಾನೋಮೀಟರಿಗಿಂತ ಕಿರಿದಾದುದು ಬಿಡಿಯಾಗಿ ಕಾಣದು. ಆದ್ದರಿಂದ ಅವು ಏನೆಂಬುದು ದಶಕಗಳ ಕಾಲ ಒಗಟಾಗಿಯೇ ಇತ್ತು. 1975ರಲ್ಲಿ ಐಕಾವಾ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅವು ರಕ್ತಕಣದ ಹೊರಪೊರೆಯಲ್ಲಿ ಬಿದ್ದ ಗುಳಿಗಳು, ಗುಳಿಗಂಟಿದ ಪುಟ್ಟ ಚೀಲಗಳು ಎಂದು ತಿಳಿಯಿತು. ದೊಡ್ಡ ಯಂತ್ರ ಉತ್ತರಿಸಿತು, ನಿಜ. ಪ್ರಶ್ನೆ ಹುಟ್ಟಿದ್ದು ಮಾತ್ರ ಸ್ಲೈಡಿನ ಮೇಲೆ.

ಹದಿನೈದಿಪ್ಪತ್ತು ನಿಮಿಷದಲ್ಲೇ ಫಲಿತಾಂಶ ಹೇಳುವ ಕಾರ್ಡ್ ಟೆಸ್ಟ್ ಇರುವಾಗ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಕರೆಂಟಿಲ್ಲದ ಕಡೆ, ನಡುರಾತ್ರಿಯ ತುರ್ತಿನಲ್ಲಿ ಕಾರ್ಡೇ ಮೇಲು, ಒಪ್ಪೋಣ. ಆದರೆ ಫಾಲ್ಸಿಪೇರಮ್ ಎಂಬ ಇನ್ನೊಂದು ಬಗೆಯಲ್ಲಿ ಕಾರ್ಡು ಗುರುತಿಸುವ ಪ್ರೋಟೀನು ಪರಾವಲಂಬಿ ಸತ್ತ ಮೇಲೂ ವಾರಗಟ್ಟಲೆ ರಕ್ತದಲ್ಲಿ ಉಳಿಯುವುದರಿಂದ ಗುಣವಾದವರಲ್ಲೂ ಗೆರೆ ಮೂಡುವುದುಂಟು. ಎಷ್ಟು ಪರಾವಲಂಬಿಗಳಿವೆ, ಔಷಧಕ್ಕೆ ಇಳಿಯುತ್ತಿವೆಯೇ ಎಂಬುದನ್ನು ಕಾರ್ಡು ಹೇಳದು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಸ್ಲೈಡ್ ಓದುವುದು ಯಾಂತ್ರಿಕ ಕೆಲಸ, ಸಾಫ್ಟ್‌ವೇರೇ ಮಾಡೀತು. ಬೆಂಗಳೂರಿನಲ್ಲಿ 2015ರಲ್ಲಿ ಶುರುವಾದ ಸಿಗ್‌ಟಪಲ್ ಕಂಪನಿಯದು ಅಂಥ ಪ್ರಯತ್ನವೇ. ಅದೇ ವರ್ಷ ಮಂಗಳೂರೂ ಮಲೇರಿಯಾ ವರದಿಯನ್ನು ಟ್ಯಾಬ್ಲೆಟ್‌ಗೆ ತಂದಿತು. ಆದರೆ ಬಣ್ಣದ ಕೊಳೆ ಯಾವುದು, ಪರಾವಲಂಬಿ ಯಾವುದು ಎಂದು ಸಾಫ್ಟ್‌ವೇರಿಗೆ ಕಲಿಸಲು ಪಳಗಿದ ಕಣ್ಣೇ ಬೇಕು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೂ ಅಷ್ಟೇ: ಸಾಮಾನ್ಯವಾಗಿ 100 ನ್ಯಾನೋಮೀಟರಿಗಿಂತ ತೆಳ್ಳಗೆ ಕೊಯ್ದ, ಜೀವವಿಲ್ಲದ ಒಂದು ಪದರವನ್ನಷ್ಟೇ ಅದಕ್ಕೆ ಕೊಡಲಾಗುವುದು, ಎಲ್ಲಿ ಕೊಯ್ಯಬೇಕೆಂದು ಮೊದಲೇ ತಿಳಿದಿರಬೇಕು. ಕೋಶವಿಜ್ಞಾನ ಕಲಿಸುವ ಮಂಗಳೂರಿನ ಕಾಲೇಜುಗಳು ದುಬಾರಿ ಯಂತ್ರದ ಅರ್ಜಿ ಬರೆಯುವ ಮುನ್ನ, ವಿದ್ಯಾರ್ಥಿಗಳಿಂದ ರಕ್ತಲೇಪನ ಮಾಡಿಸಿ, ನೂರು ಫೀಲ್ಡ್ ಓದಿಸಲಿ.