ಸಂಸಾರಿಯ ಕೂಲಿ

ಕೂಲಿಯು ಸಲ್ಲುವುದು ದುಡಿಯುವವನ ಕೆಲಸಕ್ಕೋ, ಅವನನ್ನು ನಂಬಿರುವ ಸಂಸಾರಕ್ಕೋ? ಈ ಪ್ರಶ್ನೆಗೆ ಆಸ್ಟ್ರೇಲಿಯಾ ದೇಶದ ನ್ಯಾಯಸ್ಥಾನವು 1907ನೆಯ ಇಸವಿ ನವೆಂಬರು 8ರಂದು ಕೊಟ್ಟ ಉತ್ತರವು ಅರುವತ್ತು ವರ್ಷಗಳಿಗೂ ಮಿಕ್ಕಿ ಆ ದೇಶದ ಮನೆಮನೆಯ ಲೆಕ್ಕವನ್ನು ಆಳಿತು.

1906ರ ಶಾಸನವೊಂದರಂತೆ, ಕೆಲಸಗಾರರಿಗೆ ನ್ಯಾಯವಾದ ಕೂಲಿಯನ್ನು ಕೊಡುವ ಕಾರ್ಖಾನೆಗಳಿಗೆ ಸುಂಕದ ವಿನಾಯಿತಿಯುಂಟಾಗಿದ್ದಿತು. ಮೆಲ್ಬರ್ನ್ ನಗರದ ಬಳಿಯ ಸನ್‌ಷೈನ್ ಎಂಬಲ್ಲಿ ಕೊಯ್ಲಿನ ಯಂತ್ರಗಳನ್ನು ಮಾಡಿಸುತ್ತಿದ್ದ ಎಚ್. ವಿ. ಮೆಕೇ ಎಂಬವರು ಅದನ್ನು ಬೇಡಿದರು. ನ್ಯಾಯವಾದ ಕೂಲಿ ಯಾವುದೆಂದು ಶಾಸನವು ಹೇಳಿರಲಿಲ್ಲ. ನ್ಯಾಯಾಧೀಶರಾದ ಹಿಗಿನ್ಸರು ಕೂಲಿಕಾರರ ಮನೆಯ ಗೃಹಿಣಿಯರಿಂದ ಖರ್ಚಿನ ಪಟ್ಟಿಗಳನ್ನು ತರಿಸಿ ನೋಡಿದರು. ಸುಮಾರು ಐವರ ಮನೆಗೆ ಬಾಡಿಗೆ, ಆಹಾರ, ಉರುವಲುಗಳಿಗೇ ವಾರಕ್ಕೆ 32 ಷಿಲಿಂಗು 5 ಪೆನ್ಸು ಬೇಕಾಗಿದ್ದಿತು. ಬಟ್ಟೆ, ಪಾದರಕ್ಷೆ, ದೀಪಗಳ ವೆಚ್ಚವು ಬೇರೆ. ಆದುದರಿಂದ ಕಸಬನ್ನರಿಯದ ಕೂಲಿಯವನಿಗೂ ದಿನಕ್ಕೆ 7 ಷಿಲಿಂಗಿಗೆ ಕಡಮೆ ಕೂಡದೆಂದು ಅವರು ನಿರ್ಣಯಿಸಿದರು. 1908ರಲ್ಲಿ ಉಚ್ಚನ್ಯಾಯಾಲಯವು ಆ ಶಾಸನವನ್ನೇ ರದ್ದುಮಾಡಿದರೂ, ಹಿಗಿನ್ಸರ ಅಳತೆಗೋಲು ಮಾತ್ರ ಉಳಿದುಕೊಂಡಿತು.

ಆ ಅಳತೆಯೊಳಗೆ ಗಂಡ, ಹೆಂಡತಿ, ಮೂರು ಮಕ್ಕಳು. ಆದರೆ ಹಣವು ಅವಿವಾಹಿತನಿಗೂ ಅಷ್ಟೇ, ಎಂಟು ಮಕ್ಕಳ ತಂದೆಗೂ ಅಷ್ಟೇ. ಭೇದಮಾಡಿದ್ದರೆ ಧಣಿಗಳು ಸಂಸಾರಿಯನ್ನು ಬಿಟ್ಟು ಒಂಟಿಗನನ್ನೇ ಸೇರಿಸಿಕೊಳ್ಳುವ ಭಯವಿದ್ದಿತು. ಹೆಂಗಸಿನ ಪಾಡಾದರೋ ಬೇರೆ. 1912ರಲ್ಲಿ ಮಿಲ್ಡೂರಾದ ಹಣ್ಣಿನ ತೋಟಗಳ ವ್ಯಾಜ್ಯದಲ್ಲಿ, ಗಂಡಸರ ಸಮನಾಗಿ ಹಣ್ಣು ಕೀಳುವ ಹೆಂಗಸರಿಗೆ ಸಮನಾದ ಕೂಲಿಯೂ, ಹೆಂಗಸರದೇ ಎನಿಸಿದ ಕೆಲಸಕ್ಕೆ ಕಡಮೆಯ ಕೂಲಿಯೂ ಗೊತ್ತಾಯಿತು. ಸಂಸಾರವನ್ನು ಸಾಕುವ ಹೊಣೆ ಗಂಡಸಿನದೆಂಬುದೇ ಇದಕ್ಕೆ ಆಧಾರ. ಮುಂದೆ ಬಹುಕಾಲ ಹೆಂಗಸಿಗೆ ಸಂದದ್ದು ಗಂಡಸಿನ ಕೂಲಿಯ ನೂರರಲ್ಲಿ ಸುಮಾರು 54 ಭಾಗ. ಮಕ್ಕಳನ್ನು ಸಾಕುವ ವಿಧವೆಗೆ ಅದೇ ಕೈಗೆ ಬಂದಿತು. ಇಲ್ಲದ ಮಕ್ಕಳ ಪಾಲು ಒಂಟಿಗನ ಜೇಬನ್ನು ಸೇರಿತು.

ಈ ತೊಡಕನ್ನು 1920ರಲ್ಲಿ ಪಿಡಿಂಗ್ಟನ್ನರ ವಿಚಾರಣಾ ಮಂಡಲಿಯು ಬಯಲಿಗೆ ತಂದಿತು. ಹುಟ್ಟದ ಮಕ್ಕಳಿಗಾಗಿ ಕೂಲಿಯನ್ನು ಹೆಚ್ಚಿಸುವುದಕ್ಕಿಂತ, ಹುಟ್ಟಿದ ಮಕ್ಕಳಿಗೇ ಬೇರೆಯಾಗಿ ವೇತನವನ್ನು ಕೊಡುವುದು ಮೇಲೆಂದು ಪಿಡಿಂಗ್ಟನ್ನರು ವಾದಿಸಿದರು. ನ್ಯೂ ಸೌತ್ ವೇಲ್ಸ್ ಸಂಸ್ಥಾನವು 1927ರಲ್ಲಿಯೂ, ಇಡೀ ದೇಶವು 1941ರಲ್ಲಿಯೂ ಈ ಮಾರ್ಗವನ್ನು ಹಿಡಿದವು. ಕನಿಷ್ಠ ಕೂಲಿಯಲ್ಲಿ ಹೆಣ್ಣುಗಂಡೆಂಬ ಭೇದವು ಅಳಿದದ್ದು 1974ರಲ್ಲಿ.

ಹಿಗಿನ್ಸರ ತೀರ್ಪಿನಿಂದ ಬಡವನ ಒಲೆಯು ಆರದೆ ಉಳಿಯಿತೆಂಬುದು ನಿಜ. ಆದರೆ ಆ ಲೆಕ್ಕದಲ್ಲಿ ಗೃಹಿಣಿಯು ಗಂಡನ ವೆಚ್ಚದ ಒಂದು ಬಾಬಾಗಿ ನಿಂತಳೇ ಹೊರತು ದುಡಿಯುವವಳಾಗಿ ಅಲ್ಲ. ಆ ಲೆಕ್ಕವನ್ನು ನ್ಯಾಯಸ್ಥಾನಕ್ಕೆ ಒಪ್ಪಿಸಿದವಳು ಅವಳೇ.