ಕಾರವಾರದ ಮಂಗಟ್ಟೆಯೂ ಮುಂಬಯಿಯ ಪಕ್ಷಿವೀಕ್ಷಣೆಯೂ

ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಉಪಾಹಾರಗೃಹಗಳಿಂದಲೋ ರಾತ್ರಿಶಾಲೆಗಳಿಂದಲೋ ಆರಂಭಿಸುವುದು ವಾಡಿಕೆ. ಅದು ಯುಕ್ತವೇ ಸರಿ. ಆದರೆ ಆ ಚರಿತ್ರೆಯಲ್ಲಿ ಕಾರವಾರದಿಂದ ಬಂದ ಒಂದು ಹಕ್ಕಿಗೂ ಸ್ಥಾನವುಂಟೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಸಾಂತಾಕ್ರೂಜಿನ ಕೆಲವು ಕನ್ನಡ ಕುಟುಂಬದವರಾದ ನಾವು ರವಿವಾರಗಳಂದು ಮಕ್ಕಳೊಡನೆ ಗೋರೆಗಾಂವ್, ಬೋರಿವಲಿಗಳ ಕಾಡಿನಂಚಿಗೆ ಹಕ್ಕಿ ನೋಡಲು ಹೋಗತೊಡಗಿದ ಮೇಲೆಯೇ ಈ ಸಂಗತಿ ನಮ್ಮ ಲಕ್ಷ್ಯಕ್ಕೆ ಬಂದಿತು. ಅದನ್ನು ವಾಚಕರ ಮುಂದಿಡುವುದೇ ಈ ಪುಟ್ಟ ಲೇಖನದ ಉದ್ದೇಶ.

1883ನೆಯ ಇಸವಿ ಸೆಪ್ಟೆಂಬರ್ 15ರಂದು ಭಾಯಖಳಾದ ವಸ್ತುಸಂಗ್ರಹಾಲಯದಲ್ಲಿ ಎಂಟು ಜನ ಒಟ್ಟುಗೂಡಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಸ್ಥಾಪಿಸಿದರು. ಅವರಲ್ಲಿ ಇಬ್ಬರು ಭಾರತೀಯರು: ಡಾಕ್ಟರ್ ಆತ್ಮಾರಾಮ ಪಾಂಡುರಂಗ ಮತ್ತು ಡಾಕ್ಟರ್ ಸಖಾರಾಮ ಅರ್ಜುನ. ಉಳಿದವರಲ್ಲಿ ಒಬ್ಬನಾದ ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯ ನೌಕರ. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಗಿತ್ತಷ್ಟೆ. ಆದ್ದರಿಂದ ಮುಂಬಯಿ ಸರಕಾರದ ಅಧಿಕಾರಿಗಳು ಅಲ್ಲಿಗೆ ವರ್ಗವಾಗಿ ಹೋಗುತ್ತಿದ್ದರು. ಐಟ್ಕನ್ನನೂ ಹಾಗೆ ಹೋದವನೇ. ಜಿಲ್ಲೆಯ ಕಲೆಕ್ಟರನಾಗಿದ್ದ ಜೇಮ್ಸ್ ಡೇವಿಡ್‌ಸನ್ನನು ಉತ್ತರ ಕನ್ನಡದ ಹಕ್ಕಿಗಳ ಬಗೆಗೆ ಬರೆದ ದೀರ್ಘ ಲೇಖನ 1898ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಚೇರಿಯ ಕಾಗದಪತ್ರ ಮುಗಿಸಿ, ಬಿಡುವಿನ ವೇಳೆಯಲ್ಲಿ ಕಂಡದ್ದನ್ನು ಕಂಡಂತೆ ಬರೆದಿಟ್ಟವರು ಇವರು. ದಿನವಿಡೀ ಲೆಕ್ಕದ ಪುಸ್ತಕ ನೋಡುವ ನಮ್ಮಂಥವರಿಗೆ ಇದು ಸಮಾಧಾನ ತರುವ ಮಾತು.

ಇನ್ನು ಆ ಹಕ್ಕಿಯ ವಿಷಯ. 1894ರ ಮೇ ತಿಂಗಳಲ್ಲಿ ಹುಟ್ಟಿದ ದೊಡ್ಡ ಮಂಗಟ್ಟೆಯ ಮರಿಯೊಂದನ್ನು ಕಾರವಾರದ ಇಂಗಲ್ ಎಂಬವರು ಮೂರು ತಿಂಗಳ ತರುವಾಯ ಸೊಸೈಟಿಗೆ ಕಾಣಿಕೆಯಾಗಿ ಕೊಟ್ಟರು. ಆಗ ಸೊಸೈಟಿಯ ಕಾರ್ಯಾಲಯವಿದ್ದುದು ಕೋಟೆ ಭಾಗದಲ್ಲಿ, ಕಾರ್ಯದರ್ಶಿ ಫಿಪ್ಸನ್ನನ ಮದ್ಯದ ವ್ಯಾಪಾರದ ಜಾಗದಲ್ಲಿ. ಅಲ್ಲಿ ಆ ಮರಿಗೆ ವಿಲಿಯಮ್ ಎಂದು ನಾಮಕರಣವಾಯಿತು. ಮೂರು ವರ್ಷ ತುಂಬುವಷ್ಟರಲ್ಲಿ ಅದು ನಾಲ್ಕೂಕಾಲು ಅಡಿಗಳಷ್ಟು ಉದ್ದ ಬೆಳೆಯಿತು. ಬಾಳೆಹಣ್ಣು, ಅತ್ತಿಹಣ್ಣುಗಳ ಜತೆಗೆ ಇಲಿಯನ್ನೂ ಚೇಳನ್ನೂ ನುಂಗುತ್ತಿತ್ತು. ಮೂವತ್ತು ಅಡಿ ದೂರದಿಂದ ಎಸೆದ ಟೆನಿಸ್ ಚೆಂಡನ್ನು ಕೊಕ್ಕಿನಿಂದ ಹಿಡಿಯುತ್ತಿತ್ತು! 1920ರವರೆಗೆ, ಎಂದರೆ ಇಪ್ಪತ್ತಾರು ವರ್ಷ, ಅದು ಈ ನಗರದಲ್ಲೇ ಬಾಳಿತು. ಇಂದು ಸೊಸೈಟಿಯ ಲಾಂಛನದಲ್ಲಿರುವುದು ಮಂಗಟ್ಟೆಯೇ. ಅದರ ಕಟ್ಟಡದ ಹೆಸರೂ ಹಾರ್ನ್‌ಬಿಲ್ ಹೌಸ್. ಈ ಗೌರವಕ್ಕೆಲ್ಲ ಕಾರಣ ನಮ್ಮ ಕಾರವಾರದ ಆ ಹಕ್ಕಿ.

ಆದರೆ ಆ ಮಾನಕ್ಕಾಗಿ ಅದು ತೆತ್ತ ಬೆಲೆಯೇನು? ಕಾಡಿನಲ್ಲಿ ಹೆಣ್ಣು ಮಂಗಟ್ಟೆ ಹಳೆಯ ಹೆಮ್ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ಮೆತ್ತಿ, ಕೊಕ್ಕು ತೂರುವಷ್ಟೇ ಸೀಳನ್ನು ಉಳಿಸಿಕೊಳ್ಳುತ್ತದೆ. ಗಂಡು ವಾರಗಟ್ಟಲೆ ಹಣ್ಣು ತಂದುಣಿಸಿ ತಾಯಿಮರಿಗಳನ್ನು ಸಾಕುತ್ತದೆ. ಊರಿನಲ್ಲಿ ಮನೆಮಂದಿಯನ್ನು ಬಿಟ್ಟುಬಂದು, ತಿಂಗಳು ತಿಂಗಳೂ ಮನಿಯಾರ್ಡರು ಕಳಿಸುತ್ತಿದ್ದ ನಮ್ಮ ಹಿರಿಯರ ನೆನಪು ಇಲ್ಲಿ ಬಾರದಿರದು. ಅವರಿಗಾದರೂ ರಜೆಗೆ ಊರಿತ್ತು; ವಿಲಿಯಮ್ಮನಿಗೆ ಅದೂ ಇರಲಿಲ್ಲ. ಹಕ್ಕಿಯನ್ನು ಹಿಡಿದು ತರುವುದಕ್ಕಿಂತ ಅದಿದ್ದಲ್ಲಿಗೆ ನಾವೇ ಹೋಗಿ ನೋಡುವುದು ಲೇಸೆಂಬ ತಿಳಿವಳಿಕೆ ಬೇರೂರಲು ಬಹುಕಾಲ ಹಿಡಿಯಿತು.

ಆ ತಿಳಿವಳಿಕೆಯನ್ನು ದೇಶಕ್ಕೆಲ್ಲ ಹರಡಿದವರು ಸಾಲಿಂ ಅಲಿಯವರು. 1908ರಲ್ಲಿ, ಬಾಲಕನಾಗಿ, ತಾನು ಹೊಡೆದ ಹಳದಿ ಕೊರಳಿನ ಗುಬ್ಬಚ್ಚಿಯ ಹೆಸರು ಕೇಳಲು ಅವರು ಸೊಸೈಟಿಯ ಮೆಟ್ಟಿಲು ಹತ್ತಿದಾಗ ವಿಲಿಯಮ್ ಇನ್ನೂ ಬದುಕಿತ್ತು. ಮುಂದೆ ಅವರು ಇದೇ ಮುಂಬಯಿಯ ದಾವರ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು, ಲೆಕ್ಕಶಾಸ್ತ್ರಗಳನ್ನೂ ಓದಿದರೆಂಬುದನ್ನು ನಮ್ಮ ಬಿ.ಕಾಂ. ಮಿತ್ರರು ಗಮನಿಸಬೇಕು. ಅವರು ನಮ್ಮ ನೆರೆಯ ಬಾಂದ್ರಾದ ಪಾಲಿ ಹಿಲ್‌ನಲ್ಲಿ ವಾಸವಾಗಿದ್ದು, 1987ರಲ್ಲಿ ತೀರಿಕೊಂಡರು. 1939-40ರಲ್ಲಿ ಅವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡುಕಟ್ಟುವುದನ್ನು ಕಂಡು, ಆ ತಾಣವನ್ನು ರಕ್ಷಿಸಬೇಕೆಂದು ಮೈಸೂರಿನ ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು.

ಮುಂಬಯಿಯಿಂದ ಹೋದ ಸಲಹೆಯೊಂದು ಕನ್ನಡನಾಡಿನಲ್ಲಿ ಹೀಗೆ ಫಲಿಸಿತು. ಇತ್ತ ಮುಂಬಯಿಯ ಸುತ್ತಲೂ ಪಕ್ಷಿಧಾಮಗಳು ಏರ್ಪಟ್ಟವು. ಪನವೇಲಿನಾಚೆಯ ಕರ್ನಾಳಾ 1968ರಲ್ಲಿ ಪಕ್ಷಿಧಾಮವಾಯಿತು. ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುವ ಠಾಣೆ ಖಾರಿಗೆ 2015ರಲ್ಲಿ ರಕ್ಷಣೆ ದೊರೆಯಿತು. 2022ರಲ್ಲಿ ರಂಗನತಿಟ್ಟು, ಠಾಣೆ ಖಾರಿಗಳೆರಡೂ ರಾಮ್ಸಾರ್ ಪಟ್ಟಿಯನ್ನು ಸೇರಿದವು. ಹುಟ್ಟಿದ ನಾಡು, ಅನ್ನವಿತ್ತ ನಾಡು ಎರಡಕ್ಕೂ ಒಂದೇ ವರ್ಷದಲ್ಲಿ ಸಂದ ಈ ಮನ್ನಣೆ ನಮಗೆ ಇಮ್ಮಡಿ ಸಂತೋಷದ ವಿಷಯ.

ಇಷ್ಟಾದರೂ ನಮ್ಮನ್ನು ಕಾಡುವ ಚಿಂತೆಯೊಂದುಂಟು. ನಮ್ಮ ಮಕ್ಕಳು ಹಕ್ಕಿಯನ್ನು ಕಂಡೊಡನೆ ಇಂಗ್ಲಿಷ್ ಹೆಸರನ್ನು ತಡವರಿಸದೆ ಹೇಳುತ್ತಾರೆ. ಕನ್ನಡದಲ್ಲಿ ಏನೆನ್ನುತ್ತಾರೆಂದು ಕೇಳಿದರೆ 'ಹಕ್ಕಿ' ಎನ್ನುತ್ತಾರೆ. ಕಾಜಾಣ, ಪಿಕಳಾರ, ಗೊರವಂಕ, ಕೆಂಬೂತ, ಗೀಜಗ, ಮಿಂಚುಳ್ಳಿ, ಮರಕುಟಿಗ ಇವೆಲ್ಲ ನಮ್ಮ ನಡಿಗೆಯಲ್ಲಿ ಕಾಣಸಿಗುವ ಹಕ್ಕಿಗಳೇ. ಹಕ್ಕಿ ಕಣ್ಣೆದುರಿಗಿದೆ, ಹೆಸರು ಮಾತ್ರ ಮನೆಯಿಂದ ಮರೆಯಾಗುತ್ತಿದೆ. ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ನಮಗೆ ಒಳ್ಳೆಯ ಆಸರೆ. ಆದರೂ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಧಾರವಾಡದ ಅಜ್ಜಿ ಹೇಳುವುದೊಂದು, ಮಂಗಳೂರಿನ ಮಾವ ಹೇಳುವುದು ಇನ್ನೊಂದು. ಇವೆಲ್ಲ ಹಿರಿಯರ ನಾಲಗೆಯ ಮೇಲಷ್ಟೇ ಉಳಿದಿವೆ; ಅವರೊಡನೆಯೇ ಹೋಗಿಬಿಟ್ಟರೆ ಮತ್ತೆ ಕೇಳುವುದು ಯಾರನ್ನು?

ಆದುದರಿಂದ ನಾವೊಂದು ಖಾತೆಪುಸ್ತಕವನ್ನು ತೆರೆದಿದ್ದೇವೆ. ತಾರೀಖು, ಸ್ಥಳ, ಹಕ್ಕಿಗಳ ಸಂಖ್ಯೆ, ಕನ್ನಡದ ಹೆಸರು, ಆ ಹೆಸರು ಹೇಳಿದವರ ಊರು — ಇವು ಅದರ ಅಂಕಣಗಳು. ಹೆಸರು ತಿಳಿಯದಿದ್ದಲ್ಲಿ ಅಂಕಣವನ್ನು ಖಾಲಿ ಬಿಡುತ್ತೇವೆ, ಮನೆಗೆ ಹೋಗಿ ಹಿರಿಯರನ್ನು ಕೇಳುತ್ತೇವೆ, ಊರಿಗೆ ಫೋನು ಮಾಡುತ್ತೇವೆ. ಇದರಿಂದ ಅಜ್ಜ ಅಜ್ಜಿಯರೊಡನೆ ಮೊಮ್ಮಕ್ಕಳು ಕನ್ನಡದಲ್ಲಿ ಮಾತಾಡಲು ಹೊಸದೊಂದು ವಿಷಯ ದೊರೆತಂತಾಗಿದೆ.

ರಾಜ್ಯೋತ್ಸವ ಬರುವ ಹೊತ್ತಿಗೆ ಚಳಿಗಾಲದ ಹಕ್ಕಿಗಳೂ ಮುಂಬಯಿಗೆ ಬಂದಿಳಿಯುತ್ತಿರುತ್ತವೆ. ಈ ದಿನಗಳಲ್ಲಿ ಒಂದು ಮುಂಜಾನೆಯಾದರೂ ಸಂಘದ ಬಾಂಧವರು ಮಕ್ಕಳು ಮರಿಗಳೊಡನೆ ನಮ್ಮ ಜತೆ ಬರಬೇಕೆಂದು ಬಿನ್ನಹ. ದುರ್ಬೀನು ಇಲ್ಲದಿದ್ದರೆ ಚಿಂತೆಯಿಲ್ಲ. ಹಿರಿಯರನ್ನು ಮಾತ್ರ ತಪ್ಪದೆ ಕರೆತನ್ನಿ. ನಮ್ಮ ಪುಸ್ತಕದಲ್ಲಿ ಖಾಲಿ ಅಂಕಣಗಳು ಇನ್ನೂ ಬಹಳ ಇವೆ.